ಮಳೆಗಾಲಕ್ಕೆ ಒಪ್ಪುವ ಬಟ್ಟೆ ಕೋಣೆ

ಕಾಸರಗೋಡಿನ ಕಡೆ ಈಗ ಕಟ್ಟುತ್ತಿರುವ ಮನೆಗಳ ನಕ್ಷೆಯಲ್ಲಿ ಅಡುಗೆಮನೆಯ ಹಿಂದೆ ‘ವರ್ಕ್ ಏರಿಯಾ’ ಎಂಬ ಚೌಕವೊಂದು ಇದ್ದೇ ಇರುತ್ತದೆ. ಕಾಯಿ ತುರಿಯುವುದು, ಹಲಸಿನಕಾಯಿ ಕೊಚ್ಚುವುದು, ಪಾತ್ರೆ ತೊಳೆಯುವುದು, ಸಿಲಿಂಡರ್ ಇಡುವುದು ಎಲ್ಲಕ್ಕೂ ಅದೇ ಜಾಗವಾದ್ದರಿಂದ ವಾಷಿಂಗ್ ಮೆಷಿನನ್ನೂ ಅದರ ಮೂಲೆಗೆ ತಳ್ಳಿ, ಪಕ್ಕಕ್ಕೊಂದು ನಲ್ಲಿ ಕೊಟ್ಟರೆ ಬಟ್ಟೆಯ ವ್ಯವಸ್ಥೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಒಗೆದ ಬಟ್ಟೆ ಎಲ್ಲಿ ಒಣಗಬೇಕು ಎಂಬ ಪ್ರಶ್ನೆಯನ್ನು ನಕ್ಷೆ ಬರೆಯುವವರೂ ಕೇಳುವುದಿಲ್ಲ, ಕಟ್ಟಿಸುವವರೂ ಕೇಳುವುದಿಲ್ಲ. ಜೂನ್ ತಿಂಗಳು ಕಾಲಿಟ್ಟ ಮೇಲೆ ಚಾವಡಿಯ ಕುರ್ಚಿಗಳ ಬೆನ್ನು, ಮಲಗುವ ಕೋಣೆಯ ಕಿಟಕಿ ಸರಳು, ಮೆಟ್ಟಿಲಿನ ಕಂಬಿ ಎಲ್ಲವೂ ಬಟ್ಟೆ ಹರವುವ ಜಾಗಗಳಾಗಿ, ಮನೆಯಿಡೀ ಮುಗ್ಗಲು ವಾಸನೆ ತುಂಬಿಕೊಳ್ಳುತ್ತದೆ.

ಬದಿಯಡ್ಕದ ಸಮೀಪದ ನಮ್ಮ ಮನೆಯ ಹಿಂಬದಿಯನ್ನು ಹೊಸದಾಗಿ ಕಟ್ಟಿಸುವಾಗ 5 ಅಡಿ ಅಗಲ, 8 ಅಡಿ ಉದ್ದದ ಜಾಗವನ್ನು ಬಟ್ಟೆಯ ಕೆಲಸಕ್ಕೆಂದೇ ತೆಗೆದಿರಿಸಿದೆವು. ಅದನ್ನು ರೂಪಿಸುವಾಗ ನಾನು ಹಿಡಿದುಕೊಂಡ ಸೂತ್ರ ಒಂದೇ: ನಮ್ಮ ಊರಿನಲ್ಲಿ ಬಟ್ಟೆಯ ಕೋಣೆ ಎಂದರೆ ಮೊದಲಿಗೆ ಬಟ್ಟೆ ಒಣಗುವ ಕೋಣೆ, ಮೆಷಿನ್, ತೊಟ್ಟಿ, ಕಪಾಟು ಎಲ್ಲವೂ ಗಾಳಿ ತನ್ನ ದಾರಿಯನ್ನು ಆರಿಸಿಕೊಂಡ ಮೇಲೆ ಉಳಿದ ಜಾಗದಲ್ಲಿ ಕೂರಬೇಕು. ಒಳಾಂಗಣ ವಿನ್ಯಾಸದ ಪತ್ರಿಕೆಗಳಲ್ಲಿ ಕಾಣುವ, ಬಾಗಿಲು ಮುಚ್ಚಿದ ಬಿಳಿ ಕಪಾಟಿನೊಳಗೆ ಯಂತ್ರವನ್ನು ಅಡಗಿಸುವ ಚಿತ್ರಗಳು ಕಣ್ಣಿಗೆ ಹಿತವಾದರೂ ಅವು ಗಾಳಿ ಒಣಗಿರುವ ದೇಶಗಳಿಗೆ ಸೇರಿದವು.

ಈ ಮಾತಿಗೆ ಒಂದು ಸರಳ ಲೆಕ್ಕದ ಆಧಾರವಿದೆ. ನಿಮಿಷಕ್ಕೆ 1,200 ಸುತ್ತಿನಲ್ಲಿ ಹಿಂಡುವ ಒಳ್ಳೆಯ ಮೆಷಿನಿನಿಂದ ಹೊರತೆಗೆದ ಬಟ್ಟೆಯಲ್ಲೂ ಅದರ ಒಣತೂಕದ ಅರ್ಧಕ್ಕಿಂತ ತುಸು ಹೆಚ್ಚು ನೀರು ಉಳಿದಿರುತ್ತದೆ. ಅಂದರೆ 5 ಕಿಲೋ ಬಟ್ಟೆಯನ್ನು ಹರವಿದಾಗ ಸುಮಾರು 3 ಲೀಟರ್ ನೀರು ಕೋಣೆಯ ಗಾಳಿಗೆ ಸೇರಬೇಕು. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ತೇವಾಂಶ ಶೇಕಡಾ 90ರಷ್ಟಿರುವ ದಿನ ಅದರಲ್ಲಿ 24 ಗ್ರಾಂ ಮೊದಲೇ ತುಂಬಿರುವುದರಿಂದ ಮಿಕ್ಕ ಸ್ಥಳ 3 ಗ್ರಾಮಿಗೂ ಕಡಿಮೆ. ಆ 3 ಲೀಟರ್ ನೀರನ್ನು ಹೊತ್ತೊಯ್ಯಲು ಸಾವಿರ ಘನ ಮೀಟರಿಗೂ ಮಿಕ್ಕಿದ ಗಾಳಿ ಬೇಕು. ನಮ್ಮ ಪುಟ್ಟ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 10 ಘನ ಮೀಟರ್. ಹಾಗಾಗಿ ಒಂದು ಸಲ ಒಗೆದ ಬಟ್ಟೆ ಒಣಗಬೇಕಾದರೆ ಕೋಣೆಯ ಗಾಳಿ ಪೂರ್ತಿಯಾಗಿ ನೂರು ಸಲ ಬದಲಾಗಬೇಕು! ಕಿಟಕಿ ಮುಚ್ಚಿ ಫ್ಯಾನ್ ಹಾಕಿದ ಕೋಣೆಯಲ್ಲಿ ಬಟ್ಟೆ ಎರಡು ದಿನವಾದರೂ ತಣ್ಣಗೇ ಇರುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಫ್ಯಾನು ಅದೇ ತುಂಬಿದ ಗಾಳಿಯನ್ನು ಸುತ್ತಿಸುತ್ತಿರುತ್ತದೆ.

ನೂರು ಸಲ ಗಾಳಿ ಬದಲಾಗಲು ಒಳಬರುವ ದಾರಿ ಕೆಳಗೂ ಹೊರಹೋಗುವ ದಾರಿ ಮೇಲೂ ಇರಬೇಕು. ನಮ್ಮಲ್ಲಿ ಜೋರಾದ ಮಳೆ ನೈಋತ್ಯದಿಂದ ಬೀಸುವುದರಿಂದ ಕೋಣೆಯನ್ನು ಮನೆಯ ಪೂರ್ವದ ಬದಿಗೆ ತೆಗೆದುಕೊಂಡೆವು. ದಕ್ಷಿಣದ ಗೋಡೆಯಲ್ಲಿ ನೆಲದಿಂದ ಒಂದಡಿ ಮೇಲಿಂದ ಮೂರಡಿಯವರೆಗೆ ಸುಟ್ಟ ಮಣ್ಣಿನ, ತೂತುಗಳಿರುವ ಜಾಲಿ, ಅದರ ಮೇಲೆ ಎರಚಲು ಒಳಬರದಂತೆ 3 ಅಡಿ ಮುಂದಕ್ಕೆ ಚಾಚಿದ ಮಾಡು (ಛಾವಣಿ). ಪೂರ್ವದ ಗೋಡೆಯ ಮೇಲ್ಭಾಗದಲ್ಲಿ ಇಡೀ ಉದ್ದಕ್ಕೆ ಇನ್ನೊಂದು ಜಾಲಿ. ಕೇರಳದಲ್ಲಿ ಇಟ್ಟಿಗೆಯ ಜಾಲಿಗೋಡೆಯನ್ನು ಸಾಮಾನ್ಯರ ಮನೆಗೂ ತಂದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಕಟ್ಟಡಗಳಲ್ಲಿ ಇಂಥ ಗೋಡೆಯೊಂದು ಬೆಳಕು, ಗಾಳಿ, ಮರೆ ಮೂರನ್ನೂ ಒಟ್ಟಿಗೆ ಕೊಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಕೆಂಪು ಕಲ್ಲಿನ ಗೋಡೆಯ ನಡುವೆ ಅದೇ ಬಣ್ಣದ ಜಾಲಿ ಕೂತಾಗ ಕೋಣೆಗೆ ಬೇರೆ ಅಲಂಕಾರವೇ ಬೇಕಾಗುವುದಿಲ್ಲ. ಜಾಲಿಯ ಒಳಬದಿಗೆ ಸೊಳ್ಳೆಪರದೆಯನ್ನು ಹಾಕುವುದು ಬೇಡ; ಅದು ಗಾಳಿಯನ್ನು ತಡೆಯುತ್ತದೆ. ಇಲಿ ನುಗ್ಗದಂತೆ ಕಾಲು ಇಂಚಿನ ಸ್ಟೀಲ್ ಬಲೆ ಸಾಕು, ಸೊಳ್ಳೆಯನ್ನು ಅಡುಗೆಮನೆಗೆ ತೆರೆಯುವ ಬಾಗಿಲು ತಡೆಯಲಿ. ಆ ಬಾಗಿಲು ಬಟ್ಟೆ ಒಣಗುವಷ್ಟು ಹೊತ್ತೂ ಮುಚ್ಚಿರಬೇಕು, ಇಲ್ಲವಾದರೆ ಹೊರಗೆ ಹೋಗಬೇಕಾದ ಆವಿ ಮನೆಯೊಳಗಿನ ದಿಂಬು, ಪುಸ್ತಕ, ಮಸಾಲೆ ಡಬ್ಬಿಗಳಿಗೆ ಸೇರುತ್ತದೆ.

ಗಾಳಿಯೇ ಅಲುಗಾಡದೆ ಮಳೆ ಮಾತ್ರ ಸುರಿಯುವ ದಿನಗಳಿಗಾಗಿ ಮೇಲಿನ ಜಾಲಿಯ ಒಂದು ತುದಿಯಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇದೆ. ಗಂಟೆಗೆ ಸುಮಾರು 250 ಘನ ಮೀಟರ್ ಗಾಳಿ ಹೊರದಬ್ಬುವ ಅದು ಮೇಲಿನ ಲೆಕ್ಕದ ಸಾವಿರ ಘನ ಮೀಟರನ್ನು ನಾಲ್ಕೈದು ಗಂಟೆಯಲ್ಲಿ ಮುಗಿಸಬೇಕು. ಆದರೆ ಒಣಗುವ ಬಟ್ಟೆ ಸುತ್ತಲಿನ ಗಾಳಿಯನ್ನು ತಣಿಸುವುದರಿಂದಲೂ ಒಳಬಂದ ಗಾಳಿಯಲ್ಲಿ ಒಂದಷ್ಟು ಬಟ್ಟೆಯನ್ನು ಸೋಕದೆ ಹೋಗುವುದರಿಂದಲೂ ವಾಸ್ತವದಲ್ಲಿ ಒಂದು ರಾತ್ರಿ ಬೇಕಾಗುತ್ತದೆ. ಬಿಸಿಗಾಳಿಯ ಡ್ರೈಯರ್ ಕೊಂಡರೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಮರ ಬಿದ್ದು ಕರೆಂಟು ಹೋಗುವುದು ನಮ್ಮ ಮಳೆಗಾಲದ ನಿತ್ಯದ ಸಂಗತಿಯಾದ್ದರಿಂದ, ವಿದ್ಯುತ್ ಇಲ್ಲದಾಗಲೂ ಅರ್ಧ ಕೆಲಸವಾದರೂ ಆಗುವ ಕೋಣೆಯೇ ಇಲ್ಲಿಗೆ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಟ್ಟೆ ಹರವುವ ವ್ಯವಸ್ಥೆಯನ್ನು ನಾನು ಹಳೆಯ ಮನೆಗಳಿಂದಲೇ ಪಡೆದೆ. ಆ ಮನೆಗಳಲ್ಲಿ ಮಡಿಬಟ್ಟೆಗೆಂದು ಮಾಡಿನ ಪಕ್ಕಾಸಿನಿಂದ (ಹಂಚನ್ನು ಹೊರುವ ಮರದ ಪಟ್ಟಿಯಿಂದ) ತೂಗುಬಿಟ್ಟ ಬಿದಿರಿನ ಗಳು ಇರುತ್ತಿತ್ತು. ಯಾರ ಕೈಗೂ ತಾಗದ ಎತ್ತರದಲ್ಲಿದ್ದ ಆ ಗಳುವಿನ ಮೇಲೆ ಹೆಂಗಸರು ಕೋಲಿನ ತುದಿಯಿಂದಲೇ ಒದ್ದೆ ಸೀರೆಯನ್ನು ಎತ್ತಿ, ಒಂದು ಸುಕ್ಕೂ ಉಳಿಯದಂತೆ ಹರಡುತ್ತಿದ್ದರು. ಅದು ಆಚಾರಕ್ಕಾಗಿ ಆರಿಸಿಕೊಂಡ ಎತ್ತರವಾದರೂ ಬಟ್ಟೆ ಒಣಗುವುದಕ್ಕೂ ಅದೇ ಸರಿಯಾದ ಎತ್ತರ, ಏಕೆಂದರೆ ಬೆಚ್ಚನೆಯ ಗಾಳಿ ಮಾಡಿನ ಕೆಳಗೆ ಸೇರಿ ಹಂಚಿನ ಸಂದುಗಳಿಂದ ಹೊರಗೆ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಬಿದಿರಿನ ಬದಲು ಒಂದಿಂಚಿನ ಐದು ಸ್ಟೀಲ್ ಕೊಳವೆಗಳಿವೆ, ಒಂದೊಂದೂ 7 ಅಡಿ ಉದ್ದ, ನಡುವೆ 25 ಸೆಂಟಿಮೀಟರ್ ಅಂತರ. ಎಲ್ಲವನ್ನೂ ಒಂದು ಚೌಕಟ್ಟಿಗೆ ಸೇರಿಸಿ, ಬಾವಿಯಲ್ಲಿ ನೀರು ಸೇದುವಂಥದೇ ಸಣ್ಣ ರಾಟೆಗಳ ಮೂಲಕ ನೈಲಾನ್ ಹಗ್ಗದಿಂದ ಕೆಳಗಿಳಿಸಿ ಬಟ್ಟೆ ಹಾಕಿ ಮೇಲಕ್ಕೇರಿಸುತ್ತೇವೆ. ಮೇಲಕ್ಕೇರಿದ ಕೂಡಲೇ ಕೆಳಗಿನ ನೆಲವೆಲ್ಲ ಓಡಾಟಕ್ಕೆ ಸಿಗುವುದೇ ಸಣ್ಣ ಜಾಗದಲ್ಲಿ ಇದರ ದೊಡ್ಡ ಲಾಭ. ತೆಂಗಿನ ನಾರಿನ ಹಗ್ಗ ಒದ್ದೆಯಾದಾಗ ಕಂದು ಬಣ್ಣ ಬಿಡುವುದರಿಂದ ಬಿಳಿ ಪಂಚೆಗಳ ಹತ್ತಿರ ಅದು ಬರಕೂಡದು. ಕುಂಬಳೆ, ಉಪ್ಪಳ, ಮಂಜೇಶ್ವರದಂತೆ ಕಡಲಿಗೆ ಹತ್ತಿರದ ಊರುಗಳವರು ಕೊಳವೆ, ಮೊಳೆ, ಕೊಕ್ಕೆ ಎಲ್ಲವನ್ನೂ ಉಪ್ಪುಗಾಳಿಯನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೀಲಿನಲ್ಲೇ ಮಾಡಿಸುವುದು ಒಳ್ಳೆಯದು. ಒಳನಾಡಿಗೆ 304 ಸಾಕು.

ಮಾಡಿಗೆ ಹಾಕಿರುವುದು ಹಳೆಯ ಮನೆಯಿಂದ ಇಳಿಸಿಟ್ಟಿದ್ದ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯುದ್ದಕ್ಕೂ ಹಬ್ಬಿದ ಈ ಹಂಚು ಉಸಿರಾಡುವ ಮಾಡನ್ನು ಕೊಡುತ್ತದೆ. ನಡುನಡುವೆ ಎರಡು ಗಾಜಿನ ಹಂಚು ಇಟ್ಟಿರುವುದರಿಂದ ಮೋಡದ ಹಗಲಿನಲ್ಲೂ ದೀಪ ಹಾಕದೆ ಬಟ್ಟೆಯ ಕಲೆ ಕಾಣುತ್ತದೆ. ಆದರೆ ಗಾಜಿನ ಹಂಚಿನ ನೇರ ಕೆಳಗೆ ಬಣ್ಣದ ಬಟ್ಟೆ ಹಾಕಬಾರದು. ನಮ್ಮೂರಿನ ಕೈಮಗ್ಗದ ಕಾಸರಗೋಡು ಸೀರೆಯನ್ನು ಉಡುವವರಿಗೆ ನೆರಳಿನಲ್ಲಿ ಒಣಗಿಸುವ ಅಗತ್ಯವನ್ನು ಬೇರೆ ಹೇಳಬೇಕಿಲ್ಲ.

ಇನ್ನು ಮೆಷಿನ್. ಮುಂಬಾಗಿಲಿನ ಮೆಷಿನ್ 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರವಿರುವುದರಿಂದ ಅದರ ಮೇಲೆ ಕಲ್ಲಿನ ಹಲಗೆ ಹಾಸಿ ಮಡಚುವ, ಇಸ್ತ್ರಿ ಮಾಡುವ ಜಾಗವನ್ನಾಗಿಸಬಹುದು. ಮೇಲ್ಬಾಗಿಲಿನದರಲ್ಲಿ ಈ ಸೌಕರ್ಯವಿಲ್ಲ. ನಾವು ಹಾಸಿದ್ದು ಕಾರ್ಕಳದ ಕಪ್ಪು ಶಿಲೆ, ಹೊಳಪು ಹಾಕಿಸದೆ. ಮೆಷಿನ್ ನಿಂತಿರುವ ಕಟ್ಟೆ ನೆಲದಿಂದ 4 ಇಂಚು ಎತ್ತರ, ಅದಕ್ಕೆ ಸರಿಯಾಗಿ ಹಲಗೆಯೂ ಮೇಲಕ್ಕೆ ಬಂದಿದೆ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಇಲಿ ಮೆಷಿನಿನ ಅಡಿಯಿಂದ ಹತ್ತಿ ವಯರು ಕಡಿಯುವುದು ಸಾಮಾನ್ಯವಾದ್ದರಿಂದ ಅಡಿಭಾಗಕ್ಕೆ ಬಲೆ ಬಿಗಿಸಲೇಬೇಕು. ನೀರು ಕಾಯಿಸುವ ಮೆಷಿನ್ 2,000 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಪ್ಲಗ್, ಒಳ್ಳೆಯ ಅರ್ಥಿಂಗ್, ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಒದ್ದೆ ನೆಲದ ಕೋಣೆಯಲ್ಲಿ ಯಾರೂ ಅದನ್ನು ನಡೆಸಬಾರದು. ಪ್ಲಗ್ ಹಲಗೆಗಿಂತ ಮೇಲೆ, ಸುಲಭವಾಗಿ ಕೀಳಲು ಬರುವಂತಿರಲಿ, ಏಕೆಂದರೆ ಅಕ್ಟೋಬರ್–ನವೆಂಬರಿನ ತುಲಾ ಮಾಸದ ಸಂಜೆಯ ಸಿಡಿಲು ಸ್ವಿಚ್ ಆರಿಸಿದ ಮಾತ್ರಕ್ಕೆ ಯಂತ್ರವನ್ನು ಬಿಡುವುದಿಲ್ಲ.

ನೆಲಕ್ಕೆ ಕೆಂಪು ಕಾವಿ ಹಾಕಿಸಬೇಕೆಂಬ ಆಸೆ ಬಲವಾಗಿತ್ತು, ಆದರೆ ಸಾಬೂನಿನ ನೀರು ಬಿದ್ದ ಕಾವಿ ನೆಲ ವಯಸ್ಸಾದವರಿಗೆ ಅಪಾಯ. ಒರಟು ಮೈಯ ಕೋಟಾ ಕಲ್ಲನ್ನು ಹಾಕಿ, ಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರು ಕೊಟ್ಟೆವು. ಗೋಡೆಗೆ 4 ಅಡಿಯವರೆಗೆ ಪಾಚಿಯ ಹಸಿರಿನ ಸಣ್ಣ ಟೈಲ್, ಮೇಲೆ ಸುಣ್ಣ. ಸುಣ್ಣ ಬಳಿದ ಗೋಡೆಯಲ್ಲಿ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ, ಪ್ರತಿ ವರ್ಷ ಮನೆಯವರೇ ಬಳಿದುಕೊಳ್ಳಬಹುದು. ಕಪಾಟಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸಿದರೆ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಹಲಸಿನ ಹಲಗೆ ಎರಡು ಸಾಕು, ಬಾಗಿಲೂ ಬೇಡ. ಹಳದಿ ಹಲಸು, ಹಸಿರು ಗೋಡೆ, ಕಪ್ಪು ಶಿಲೆ, ಕೆಂಪು ಜಾಲಿ: ಬಣ್ಣಗಳೆಲ್ಲ ವಸ್ತುಗಳಿಂದಲೇ ಬಂದಿವೆ.

ಕೋಣೆಯಲ್ಲಿ ಮೂರು ಬುಟ್ಟಿಗಳಿವೆ: ಬಿಳಿ, ಬಣ್ಣ, ತೋಟದ ಬಟ್ಟೆ. ಬಿಳಿಯದಕ್ಕೆ ಬೇರೆ ಬುಟ್ಟಿ ಬೇಕಾಗುವುದು ನಮ್ಮ ನೀರಿನ ಕಾರಣಕ್ಕೆ. ಮುರಕಲ್ಲಿನ (ಕೆಂಪು ಕಲ್ಲಿನ) ನೆಲದ ಬಾವಿ, ಕೊಳವೆಬಾವಿಗಳಲ್ಲಿ ಹಲವು ಕಡೆ ಕಬ್ಬಿಣದ ಅಂಶ ಹೆಚ್ಚು. ಮಳೆಗಾಲದ ಆರಂಭದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಬೇರ್ಪಟ್ಟು ಪಂಚೆ, ಅಂಗಿಗಳಿಗೆ ಹಳದಿ ಹಿಡಿಯುತ್ತದೆ. ಆಗ ಬೆಳ್ಳಗಾಗಲೆಂದು ಇನ್ನಷ್ಟು ಬ್ಲೀಚ್ ಹಾಕಿದರೆ ಹಳದಿ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ನಿಂಬೆರಸ ಹಾಕಿದ ನೀರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಅಡಿಕೆಯ ಕರೆ ಹಿಡಿದ ಬಟ್ಟೆಗೂ ಇದೇ ಕಬ್ಬಿಣ ವೈರಿ, ಕರೆಯಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುತ್ತದೆ. ಆದ್ದರಿಂದ ಇಂಥ ಬಟ್ಟೆಯನ್ನು ಬೇರೆಯಾಗಿ ನೆನೆಸಿಡಲು ಮೆಷಿನಿನ ಪಕ್ಕದಲ್ಲಿ ಆಳವಾದ ತೊಟ್ಟಿಯೊಂದು ಇರಲೇಬೇಕು. ಮಳೆನೀರನ್ನು ಮಾಡಿನಿಂದ ಹಿಡಿದು ಆ ತೊಟ್ಟಿಗೆ ಬಿಡುವ ಒಂದು ಪೈಪು ಇದ್ದರೆ ಬಿಳಿ ಬಟ್ಟೆಗೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ.

ಒಗೆಯುವ ಕಲ್ಲನ್ನು ನಾವು ಕೀಳಿಸಲಿಲ್ಲ. ಅದು ಕೋಣೆಯ ಹೊರಗೆ, ಚಾಚಿದ ಮಾಡಿನ ಕೆಳಗೆ ಇದೆ. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ತೊಟ್ಟ ಬಟ್ಟೆ ಮನೆಯ ಉಳಿದ ಬಟ್ಟೆಯೊಂದಿಗೆ ಸೇರಬಾರದು. ಆ ಮದ್ದಾದ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಮುಂಬಾಗಿಲಿನ ಹೆಚ್ಚಿನ ಮೆಷಿನುಗಳಲ್ಲಿ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ತೋಳು ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಆ ಬಟ್ಟೆಗಳಿಗೆ ಕಲ್ಲು, ಕೈಗವಸು, ಬೇರೆ ಬಕೆಟು.

ಹೊರಹೋಗುವ ನೀರಿಗೆ ಎರಡು ದಾರಿ ಮಾಡಿದ್ದೇವೆ. ಮೆಷಿನಿನ ಮತ್ತು ತೊಟ್ಟಿಯ ನೀರು ಜಲ್ಲಿ ತುಂಬಿದ ಸಣ್ಣ ಹೊಂಡದಲ್ಲಿ ಸೋಸಿ ಬಾಳೆಯ ಬುಡಕ್ಕೆ ಹೋಗುತ್ತದೆ. ಒಂದೇ ಸಾಲಿಗೆ ವರ್ಷಪೂರ್ತಿ ಬಿಟ್ಟರೆ ಸಾಬೂನಿನ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುವುದರಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಲು ಬದಲಾಯಿಸುತ್ತೇವೆ. ಕಲ್ಲಿನ ನೀರಿಗೆ ಪ್ರತ್ಯೇಕ ಇಂಗುಗುಂಡಿ ಇದೆ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 7.5 ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಮುರಕಲ್ಲು ನೀರನ್ನು ಬೇಗ ಒಳಗೆ ಬಿಡುವ ಕಲ್ಲಾದ್ದರಿಂದ ಜಾಗವಿದ್ದವರು ಅದನ್ನು ಇನ್ನೂ ದೂರಕ್ಕೆ, ಬಾವಿಗಿಂತ ತಗ್ಗಿನ ಬದಿಗೆ ತೆಗೆಯುವುದು ಉತ್ತಮ.