ಬಂದರಿನ ದಕ್ಕೆಯಿಂದ ಕಡ್ಮತ್ತಿನ ಹವಳದವರೆಗೆ

ಮಂಗಳೂರಿನ ಹಳೇ ಬಂದರಿನ ಅಕ್ಕಿ ಮಂಡಿಯೊಂದರಲ್ಲಿ ನನ್ನ ತಂದೆ ಲೆಕ್ಕ ಬರೆಯುತ್ತಿದ್ದುದರಿಂದ, ಶಾಲೆಗೆ ರಜೆಯಿದ್ದ ದಿನಗಳಲ್ಲಿ ಅವರಿಗೆ ಬುತ್ತಿ ಕೊಂಡೊಯ್ಯುವ ನೆಪದಲ್ಲಿ ನಾನು ದಕ್ಕೆಗೆ ಹೋಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಅಲ್ಲಿ ಮರದ ಸರಕುದೋಣಿಗಳಾದ ಮಂಜಿಗಳಿಗೆ ಅಕ್ಕಿಮೂಟೆ, ಸಿಮೆಂಟು, ಈರುಳ್ಳಿ, ಬಾಳೆಗೊನೆ, ಒಮ್ಮೊಮ್ಮೆ ಬೆದರಿದ ಆಡುಗಳೂ ಏರುತ್ತಿದ್ದವು. ಅವು ಮರಳಿ ಬರುವಾಗ ಕೊಬ್ಬರಿಯನ್ನೂ ತೆಂಗಿನ ನಾರಿನ ಹುರಿಯನ್ನೂ ತರುತ್ತಿದ್ದವು. ಅವುಗಳಲ್ಲಿ ಬರುತ್ತಿದ್ದವರನ್ನು ಬಂದರಿನವರೆಲ್ಲ 'ದ್ವೀಪದವರು' ಎಂದಷ್ಟೇ ಕರೆಯುತ್ತಿದ್ದರು. ಆ ಲಕ್ಷದ್ವೀಪದ ದ್ವೀಪಗಳ ಪೈಕಿ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯಾಗಿದ್ದ ನೆಲವನ್ನು ನೋಡಲು ಈಗ ಪೊಲೀಸ್ ಠಾಣೆಯ ಪ್ರಮಾಣಪತ್ರ, ಪ್ರವೇಶ ಪರವಾನಗಿ, ವಾರಗಟ್ಟಲೆ ಕಾಯುವ ತಾಳ್ಮೆ ಎಲ್ಲವೂ ಬೇಕು.

ಸಮುದ್ರದೊಳಕ್ಕೆ ನಾನು ಮೊದಲು ಇಳಿದದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದಲ್ಲಿ. ಮಾರ್ಗದರ್ಶಿ ಬೆನ್ನ ಹಿಂದಿನ ಗಾಳಿಯ ಸಿಲಿಂಡರನ್ನು ಹಿಡಿದುಕೊಂಡು ಅರ್ಧ ಗಂಟೆ ತಿರುಗಿಸಿ ತಂದ ಆ ಅನುಭವವು ರಥದಲ್ಲಿ ಕೂರಿಸಿ ತೇರುಬೀದಿ ಸುತ್ತಿಸಿದಂತೆ ಸೊಗಸಾಗಿಯೇ ಇತ್ತು. ಆದರೆ ನಡೆದದ್ದು ನಾನಲ್ಲ. ನನ್ನಷ್ಟಕ್ಕೆ ನಾನೇ ನೀರಿನಲ್ಲಿ ಚಲಿಸಬೇಕೆಂಬ ಹಟದಿಂದ, ಮಲ್ಪೆಯಲ್ಲಿ ದೋಣಿಯ ಎಂಜಿನ್ ದುರಸ್ತಿ ಮಾಡುವ ಗೆಳೆಯನೊಬ್ಬನನ್ನೂ ಉಡುಪಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಅವನ ಅಕ್ಕನನ್ನೂ ಒಪ್ಪಿಸಿ, ಜನವರಿಯ ಕೊನೆಯಲ್ಲಿ ರಾತ್ರಿ ರೈಲು ಹಿಡಿದು ಕೊಚ್ಚಿಗೆ, ಅಲ್ಲಿಂದ ಹಡಗಿನಲ್ಲಿ ಕಡ್ಮತ್ತಿಗೆ, ಡೈವಿಂಗ್ ಕಲಿಯಲು ಹೊರಟೆ. ಹಡಗಿನ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ರಾತ್ರಿಯಿಡೀ ಎಂಜಿನ್ ಗುಡುಗುತ್ತಿತ್ತು, ಗೆಳೆಯ ಆ ಸದ್ದಿನ ದೋಷ ಪತ್ತೆ ಹಚ್ಚುತ್ತ ನಿದ್ದೆಗೆಟ್ಟ.

ಬೆಳಿಗ್ಗೆ ಕಂಡ ದ್ವೀಪ ತೆಂಗಿನ ತಲೆಗಳ ಒಂದು ಸಪೂರ ಗೆರೆಯಂತಿತ್ತು. ಅದರ ಅತಿ ಅಗಲವಾದ ಭಾಗವೇ ಅರ್ಧ ಕಿಲೊಮೀಟರಿಗಿಂತ ತುಸು ಹೆಚ್ಚು. ನೆಲ ಎಂದು ನಾವು ಕರೆಯುವ ಮಣ್ಣು, ಕಲ್ಲು, ಗುಡ್ಡ ಯಾವುದೂ ಅಲ್ಲಿಲ್ಲ. ಕಾಲಡಿಯಲ್ಲಿರುವುದೆಲ್ಲ ಹವಳದ ಪುಡಿ. ಜ್ವಾಲಾಮುಖಿಯ ದ್ವೀಪವೊಂದು ನಿಧಾನವಾಗಿ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಇದ್ದು, ಕೊನೆಗೆ ಬೆಟ್ಟ ಮುಳುಗಿ ಅಂಚು ಮಾತ್ರ ಉಳಿಯುತ್ತದೆಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ವಿವರಿಸಿದ್ದನು. ಪಶ್ಚಿಮಕ್ಕೆ ಆ ಅಂಚು ಅಲೆಗಳನ್ನು ತಡೆದು ನಿಲ್ಲಿಸಿದ್ದರಿಂದ ಒಳಗಿನ ಲಗೂನಿನ, ಅಂದರೆ ಅಂಚಿನ ಮರೆಯಲ್ಲಿರುವ ಆಳವಿಲ್ಲದ ಕಡಲಿನ, ನೀರು ದೇವಸ್ಥಾನದ ಕೆರೆಯಂತೆ ನಿಶ್ಚಲವಾಗಿತ್ತು.

ನಮ್ಮ ಪಾಠಗಳು ಆ ಕೆರೆಯಲ್ಲಿಯೇ ಆರಂಭವಾದವು. ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು ಮೂಗಿನಿಂದ ಉಸಿರು ಬಿಟ್ಟು ಅದನ್ನು ಹೊರಹಾಕುವುದು, ಉಸಿರಾಟಕ್ಕೆ ಗಾಳಿ ಕೊಡುವ, ಬಾಯಿಂದ ಕಳಚಿದ ರೆಗ್ಯುಲೇಟರನ್ನು ತಡಕಿ ಮತ್ತೆ ಕಚ್ಚಿಕೊಳ್ಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯದಿರುವುದು. ಹೆಬ್ಬೆರಳು ಎತ್ತಿದರೆ ನಮ್ಮಲ್ಲಿ 'ಭೇಷ್' ಎಂದರ್ಥ, ನೀರಿನಡಿಯಲ್ಲಿ 'ಮೇಲೆ ಹೋಗೋಣ' ಎಂದರ್ಥ; ಅಕ್ಕ ಮೊದಲ ದಿನ ಮೀನು ಕಂಡ ಸಂತೋಷಕ್ಕೆ ಹೆಬ್ಬೆರಳೆತ್ತಿ, ತರಬೇತುದಾರರು ಅವರನ್ನು ಎರಡು ಬಾರಿ ಮೇಲಕ್ಕೆ ಕರೆದುಕೊಂಡು ಹೋಗುವಂತಾಯಿತು. ನನ್ನ ಫಜೀತಿ ಬೇರೆಯದು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಮೈಮೇಲಿನ ಒತ್ತಡ ಇಮ್ಮಡಿಯಾಗುವುದರಿಂದ ಮೂಗು ಹಿಡಿದು ಊದಿ ಕಿವಿಯನ್ನು ಮತ್ತೆ ಮತ್ತೆ ಸಮಗೊಳಿಸಬೇಕು. ಸಣ್ಣ ನೆಗಡಿಯನ್ನು ಮುಚ್ಚಿಟ್ಟು ಹೋಗಿದ್ದ ನನಗೆ ನಾಲ್ಕು ಮೀಟರಿನಲ್ಲೇ ಎಡಗಿವಿಗೆ ಸೂಜಿ ಚುಚ್ಚಿದಂತಾಯಿತು. ಮೇಲೆ ಬಂದು ಒಂದೂವರೆ ದಿನ ದಂಡೆಯಲ್ಲಿ ಕೂತು ಉಳಿದಿಬ್ಬರ ಗುಳ್ಳೆಗಳನ್ನು ಎಣಿಸಿದೆ.

ಕಿವಿ ತೆರೆದ ದಿನ ಹೊರಗಿನ ಹವಳದಿಬ್ಬದ ಇಳಿಜಾರಿಗೆ ಹೋದೆವು. ದೋಣಿಯ ಅಂಚಿನಲ್ಲಿ ಕುಳಿತು ಹಿಂದಕ್ಕೆ ಉರುಳಿದಾಗ ಕ್ಷಣಕಾಲ ಆಕಾಶ, ನೊರೆ, ನೀಲಿ ಎಲ್ಲ ಕಲಸಿಹೋಗಿ, ಆಮೇಲೆ ಉಸಿರಿನ ಸದ್ದೊಂದೇ ಉಳಿಯಿತು. ಹದಿನಾಲ್ಕು ಮೀಟರಿನಲ್ಲಿ ನಾನು ಏರಲೂ ಇಲ್ಲ, ಇಳಿಯಲೂ ಇಲ್ಲ. ಉಸಿರು ಎಳೆದುಕೊಂಡರೆ ಮೈ ಒಂದು ಗೇಣು ಏರುತ್ತದೆ, ಬಿಟ್ಟರೆ ಅಷ್ಟೇ ಇಳಿಯುತ್ತದೆ. ಕೈಕಾಲು ಆಡಿಸುವುದು ಬೇಕಿಲ್ಲ. ಈ ಸ್ಥಿತಿಗಾಗಿಯೇ ಜನ ಇಷ್ಟು ದೂರ ಬರುತ್ತಾರೆಂದು ನನಗನ್ನಿಸುತ್ತದೆ. ಬಣ್ಣದ ಮೀನುಗಳು ಅದರ ಮೇಲಿನ ಸಕ್ಕರೆ. ಬಣ್ಣವಾದರೂ ನಾವು ಚಿತ್ರಗಳಲ್ಲಿ ನೋಡುವಷ್ಟು ಢಾಳಾಗಿ ಅಲ್ಲಿರುವುದಿಲ್ಲ. ನೀರು ಮೊದಲು ಕೆಂಪನ್ನೇ ನುಂಗುವುದರಿಂದ ಗೆಳೆಯನ ಮಣಿಕಟ್ಟಿನ ಕೆಂಪು ದಾರ ಕಂದು ಬೂದಿಯಂತೆ ಕಾಣುತ್ತಿತ್ತು; ತರಬೇತುದಾರರು ಟಾರ್ಚ್ ಬೆಳಕು ಹಾಯಿಸಿದ ಕೂಡಲೇ ದಾರವೂ ಅದರ ಪಕ್ಕದ ಬಂಡೆಯ ಮೇಲಿನ ಸ್ಪಂಜೂ ಕುಂಕುಮದಂತೆ ಹೊತ್ತಿಕೊಂಡವು.

ಕಿವಿಗೊಟ್ಟರೆ ದಿಬ್ಬವೆಲ್ಲ ಚಕ್ಕುಲಿ ಮುರಿದಂತೆ ಕಟಕಟ ಎನ್ನುತ್ತಿತ್ತು. ಅದರಲ್ಲಿ ಗಿಳಿಮೀನುಗಳ ಪಾಲೂ ಇತ್ತು. ಅವು ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆದು, ಅದರ ಪಾಚಿಯನ್ನು ಜೀರ್ಣಿಸಿಕೊಂಡು, ಉಳಿದ ಸುಣ್ಣವನ್ನು ಪುಡಿಯಾಗಿ ಹಿಂದೆ ಬಿಡುತ್ತವೆ. ದ್ವೀಪದ ಬಿಳಿ ಮರಳಿನ ಬಹುಪಾಲು ಹೀಗೆ ಹುಟ್ಟಿದ್ದು. ಬೆಳಿಗ್ಗೆ ಆ ಮರಳಿನ ಮೇಲೆ ಮಲಗಿ 'ಎಷ್ಟು ನಯ' ಎಂದಿದ್ದ ಅಕ್ಕನಿಗೆ ಇದನ್ನು ಹೇಳುವ ಅವಕಾಶವನ್ನು ನಾವಿಬ್ಬರೂ ಬಿಡಲಿಲ್ಲ. ಕಡಲಹೂವೆಂಬ ಪ್ರಾಣಿಯ ವಿಷದ ಎಳೆಗಳ ನಡುವೆ ಹಾಸಿಗೆ ಹಾಸಿಕೊಂಡ ಪಟ್ಟೆಪಟ್ಟೆಯ ಸಣ್ಣ ಮೀನುಗಳ ಸಂಸಾರದಲ್ಲಿ ದೊಡ್ಡದೊಂದು ಮಾತ್ರ ಹೆಣ್ಣು, ಅದು ಸತ್ತರೆ ಗಂಡುಗಳಲ್ಲಿ ಹಿರಿಯದು ಹೆಣ್ಣಾಗುತ್ತದೆ. ಬಾಯಿ ತೆರೆದು ಮುಚ್ಚಿ ಹೆದರಿಸುವಂತೆ ಕಾಣುವ ಮೊರೇ ಹಾವುಮೀನು ಬರಿದೆ ಉಸಿರಾಡುತ್ತಿರುತ್ತದೆ. ಒಂದು ಬಂಡೆಯ ಬಳಿ ಮುರುಮೀನೊಂದು ಬಾಯಿ ಅಗಲಿಸಿ ನಿಂತಿತ್ತು, ಬೆರಳುದ್ದದ ನೀಲಿ ಮೀನು ಅದರ ಕಿವಿರಿನೊಳಗೆ ಹೊಕ್ಕು ಹೊರಟು ಶುಚಿ ಮಾಡುತ್ತಿತ್ತು. ಹಿಂದೆ ಇನ್ನೆರಡು ಮೀನುಗಳು ಕ್ಷೌರದಂಗಡಿಯ ಬೆಂಚಿನಲ್ಲಿ ಕಾಯುವವರಂತೆ ನಿಂತಿದ್ದವು. ಮುರುಮೀನಿನ ಗಸಿಯ ರುಚಿಯನ್ನು ಚೆನ್ನಾಗಿ ಬಲ್ಲ ನನ್ನನ್ನು ಅದು ಒಂದು ಕಣ್ಣಿನಿಂದ ಹಿಂಬಾಲಿಸಿತು. ಮೀನಿನ ಹೆಸರುಗಳನ್ನೆಲ್ಲ ಬುಟ್ಟಿಯಲ್ಲಿಯೂ ಬಾಣಲೆಯಲ್ಲಿಯೂ ಕಲಿತ ನಮಗೆ ಅವುಗಳ ನಡತೆಯ ವಿಷಯದಲ್ಲಿ ಏನೇನೂ ಗೊತ್ತಿರಲಿಲ್ಲ.

ಎಲ್ಲವೂ ಇಷ್ಟೇ ಚೆಲುವಾಗಿತ್ತೆಂದು ಬರೆದರೆ ತಪ್ಪಾದೀತು. ದಿಬ್ಬದ ಒಂದು ಮಗ್ಗುಲಿನಲ್ಲಿ ಮುರಿದ ಕೊಂಬೆ ಹವಳಗಳು ಕಾಷ್ಠದಂತೆ ರಾಶಿ ಬಿದ್ದಿದ್ದವು. ಹವಳದ ಪುಟ್ಟ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಅಡುಗೆ ಮಾಡಿ ಬಾಡಿಗೆಯಾಗಿ ಕೊಡುವ ಈ ಒಕ್ಕಲುಗಳನ್ನು, ನೀರು ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ, ಹವಳ ಹೊರದಬ್ಬುತ್ತದೆ. ಆಗ ಅದು ಬಿಳುಚಿಕೊಂಡು ಹಸಿವಿನಿಂದ ಸಾಯಲೂಬಹುದು. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ರಾಶಿಯ ಮೇಲೆ ಅಲ್ಲಲ್ಲಿ ರೂಪಾಯಿ ನಾಣ್ಯದಷ್ಟಗಲದ ಎಳೆಯ ಹವಳಗಳು ಅಂಟಿಕೊಂಡಿದ್ದವು. ಅವನ್ನು ನೋಡಿದ ಮೇಲೆ ಎಲ್ಲಿಯೂ ಕಾಲೂರಬಾರದೆಂಬ ನಿಯಮವನ್ನು ಯಾರೂ ನೆನಪಿಸಬೇಕಾಗಲಿಲ್ಲ.

ಹಿಂದಿರುಗುವುದು ವಿಮಾನದಲ್ಲಾಗಿದ್ದರೆ ಕೊನೆಯ ಡೈವ್ ಮುಗಿದು ಕನಿಷ್ಠ 18 ಗಂಟೆ ಕಾಯಬೇಕಿತ್ತು. ಹಡಗಿನವರಾದ ನಮಗೆ ಹೊರಡುವ ದಿನದ ಬೆಳಗೂ ಸಿಕ್ಕಿತು. ಅದು ನನ್ನ ಎಂಟನೆಯ ಡೈವ್. ಮೇಲೇರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಕ್ರಮವಿದೆ. ಹಾಗೆ ನಿಂತಿದ್ದಾಗ ಹಸಿರು ಕಡಲಾಮೆಯೊಂದು ಕೆಳಗಿನಿಂದ ಬಂದು, ನಮ್ಮ ನಡುವೆಯೇ ಹಾದು, ಮೇಲೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಮರಳಿತು. ಗೆಳೆಯನ ಮಾಪಕದಲ್ಲಿ 50 ಬಾರ್ ಗಾಳಿ ಉಳಿದಿತ್ತು, ನನ್ನದರಲ್ಲಿ 70. ಹಡಗಿನಲ್ಲಿ ಈ ವಿಷಯವನ್ನು ನಾನು ಅಗತ್ಯಕ್ಕಿಂತ ಹೆಚ್ಚು ಬಾರಿ ಪ್ರಸ್ತಾಪಿಸಿದೆ.

ದೋಣಿ ನಡೆಸುತ್ತಿದ್ದ ಮುದುಕರು ನಮ್ಮ ಊರು ಕೇಳಿ, ನಾನು ಮಂಗಳೂರಿನ ಹಳೇ ಬಂದರು ಎಂದಾಗ ನಿಂತುಬಿಟ್ಟರು. ಯೌವನದಲ್ಲಿ ಅವರು ಮಂಜಿಯಲ್ಲಿ ವರ್ಷಕ್ಕೆ ಹಲವು ಸಲ ಮಂಗಳೂರಿಗೆ ಬಂದವರು. ಮುರುಕು ತುಳುವಿನಲ್ಲಿ ಕುಚ್ಚಲಕ್ಕಿಯ ಧಾರಣೆ ವಿಚಾರಿಸಿದರು, ಅಜೀಜುದ್ದೀನ್ ರಸ್ತೆಯ ಅಂಗಡಿಯೊಂದರ ಗುರುತು ಹೇಳಿ, ಬಾಳೆಲೆಯಲ್ಲಿ ಕಟ್ಟಿದ ತೆಂಗು ಬೆಲ್ಲದ ಉಂಡೆಗಳ ಪೊಟ್ಟಣ ಕೊಟ್ಟು ಅಲ್ಲಿಗೆ ಮುಟ್ಟಿಸಬೇಕೆಂದರು. ಮಂಗಳೂರಿಗೆ ಬಂದ ಮರುದಿನ ಅಂಗಡಿ ಹುಡುಕಿಕೊಂಡು ಹೋದೆ. ಗಲ್ಲಾಪೆಟ್ಟಿಗೆಯ ಬಳಿ ಈಗ ಅಂಗಡಿಯವರ ಮಗ ಕೂರುತ್ತಾನೆ. ಪೊಟ್ಟಣ ಬಿಚ್ಚಿ, ಮೂಸಿ ನೋಡಿ, ಒಳಗಿನ ಕೋಣೆಯಲ್ಲಿದ್ದ ತಂದೆಯನ್ನು ಕೂಗಿ ಕರೆದನು.