ಪಂಪ್ ಬಿಚ್ಚುವ ಮೊದಲು: ಹಳೆಯ ಮಿನಿ ಹಿಟಾಚಿಯ ತಪಾಸಣೆ

ನಮ್ಮ ಕಡೆ ಯಾವ ಕಂಪನಿಯ ಎಕ್ಸ್‌ಕವೇಟರ್ ಆದರೂ ಅದು ಹಿಟಾಚಿಯೇ. ಮೂರು ಟನ್ನಿನ ಕುಬೋಟಾ ಅಡಿಕೆ ತೋಟಕ್ಕೆ ಇಳಿದರೂ 'ಮಿನಿ ಹಿಟಾಚಿ ಬಂತು' ಅನ್ನುತ್ತಾರೆ. ಹಾಗೆಯೇ ಮೆಷಿನ್ ಯಾವ ಕಾರಣಕ್ಕೆ ಸೋತರೂ 'ಪಂಪ್ ಹೋಗಿದೆ' ಅನ್ನುವುದೂ ರೂಢಿ. ಹೈಡ್ರಾಲಿಕ್ ಎಣ್ಣೆಯನ್ನು ಒತ್ತಡದಿಂದ ತಳ್ಳುವ ಪಿಸ್ಟನ್ ಪಂಪ್ ಬದಲಿಸುವುದು ಚಿಕ್ಕ ಖರ್ಚಲ್ಲ. ಹಾಗಾಗಿ ಸ್ಪಾನರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಲೋಡ್ ಬಿದ್ದಾಗ ಎಂಜಿನ್ ಕುಸಿಯುತ್ತಿದೆಯೋ, ಎಂಜಿನ್ ಆರಾಮಾಗಿ ಓಡುತ್ತಿದ್ದು ಬಕೆಟ್ ಮಾತ್ರ ಸೋಲುತ್ತಿದೆಯೋ?

ಇದಕ್ಕೆ ಗೇಜ್ ಬೇಡ, ಕಿವಿ ಸಾಕು. ಕಾಲು ಗಂಟೆ ಕೆಲಸ ಮಾಡಿಸಿ ಹೈಡ್ರಾಲಿಕ್ ಎಣ್ಣೆಯನ್ನು ಸುಮಾರು 50 ಡಿಗ್ರಿಗೆ ತನ್ನಿ. ಫುಲ್ ಥ್ರಾಟಲ್ ಕೊಟ್ಟು ಬಕೆಟ್ಟನ್ನು ಪೂರ್ತಿ ಒಳಗೆ ಮಡಚಿ, ಸಿಲಿಂಡರ್ ಕೊನೆ ಮುಟ್ಟಿದ ಮೇಲೂ ನಾಲ್ಕೈದು ಸೆಕೆಂಡ್ ಲಿವರ್ ಹಿಡಿದಿರಿ. ಆರೋಗ್ಯವಾಗಿರುವ ಮೆಷಿನ್ನಿನಲ್ಲಿ ಎಂಜಿನ್ ಸದ್ದು ಒಂದು ಮೆಟ್ಟಿಲು ಇಳಿದು ಅಲ್ಲೇ ನಿಲ್ಲುತ್ತದೆ, ಒತ್ತಡ ಮಿತಿ ಮೀರದಂತೆ ಎಣ್ಣೆ ಹೊರಬಿಡುವ ರಿಲೀಫ್ ವಾಲ್ವ್ ಸುಯ್ಯೆನ್ನುತ್ತದೆ. ಎಂಜಿನ್ ಕಪ್ಪು ಹೊಗೆ ಉಗುಳಿ ಸಾಯುವಂತಾದರೆ ಹೈಡ್ರಾಲಿಕ್ ಒತ್ತಡ ಬರುತ್ತಿದೆ ಎಂದೇ ಅರ್ಥ, ತೊಂದರೆ ಎಂಜಿನ್ ಕಡೆ ಹುಡುಕಿ. ಎಂಜಿನ್ನಿಗೆ ಏನೂ ಗೊತ್ತೇ ಆಗದಂತೆ ಸದ್ದು ಬದಲಾಗದಿದ್ದರೆ ಒತ್ತಡವೇ ಏರಿಲ್ಲ. ಇದೇ ಪರೀಕ್ಷೆಯನ್ನು ಬೂಮ್, ಆರ್ಮ್, ಬ್ಲೇಡ್ ಪ್ರತಿಯೊಂದಕ್ಕೂ ಮಾಡಿ, ಯಾವುದರಲ್ಲಿ ಎಂಜಿನ್ ಲೋಡ್ ತಗೊಳ್ಳುತ್ತದೆ, ಯಾವುದರಲ್ಲಿ ಇಲ್ಲ, ಸ್ವಿಂಗ್ (ಮೇಲ್ಭಾಗ ತಿರುಗುವುದು), ಟ್ರಾವೆಲ್ (ಟ್ರ್ಯಾಕಿನ ಮೇಲೆ ಸಾಗುವುದು) ಹೇಗಿವೆ ಎಂದು ಬರೆದಿಟ್ಟುಕೊಳ್ಳಿ. ಆ ಚೀಟಿ ಮುಂದೆ ಬೇಕಾಗುತ್ತದೆ.

ಮೊದಲು ಎಂಜಿನ್. ಹಳೆಯ ಮಿನಿಗಳಲ್ಲಿ ಇರುವುದು ಹೆಚ್ಚಾಗಿ ಮೂರು ಅಥವಾ ನಾಲ್ಕು ಸಿಲಿಂಡರಿನ, ಮೆಕ್ಯಾನಿಕಲ್ ಇಂಜೆಕ್ಷನ್ ಪಂಪಿನ ಕುಬೋಟಾ ಇಲ್ಲವೇ ಯಾನ್ಮಾರ್ ಡೀಸೆಲ್. ಶಕ್ತಿ ಇಲ್ಲ ಅಂದ ಕೂಡಲೇ ಇಂಜೆಕ್ಟರ್ ಬಿಚ್ಚಬೇಡಿ. ಥ್ರಾಟಲ್ ಕೇಬಲ್ ನೋಡಿ: ಒಬ್ಬರು ಲಿವರ್ ಪೂರ್ತಿ ಎಳೆದಾಗ ಇನ್ನೊಬ್ಬರು ಎಂಜಿನ್ ಹತ್ತಿರ ನಿಂತು, ಇಂಜೆಕ್ಷನ್ ಪಂಪಿನ ತೋಳು ಸ್ಟಾಪ್ ಬೋಲ್ಟಿಗೆ ತಾಗುತ್ತದೋ ನೋಡಬೇಕು. ಕೇಬಲ್ ಜಗ್ಗಿಹೋಗಿ ಆ ತೋಳು ಐದಾರು ಮಿಲಿಮೀಟರ್ ಹಿಂದೆ ನಿಂತರೂ ಆರ್‌ಪಿಎಂ ಇಳಿಯುತ್ತದೆ, ಇಡೀ ಮೆಷಿನ್ ನಿಧಾನವಾಗುತ್ತದೆ, ಬೈಗುಳ ಮಾತ್ರ ಹೈಡ್ರಾಲಿಕ್ ಪಂಪಿಗೆ ಬೀಳುತ್ತದೆ.

ಆಮೇಲೆ ಡೀಸೆಲ್ ದಾರಿ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಎಂಜಿನ್ ಕುಸಿದು ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುರಂಧ್ರ ಕಟ್ಟಿದೆ. ಎಳೆಯದಿದ್ದರೆ ಎರಡನೇ ಅನುಮಾನ ಟ್ಯಾಂಕಿನ ತಳದ ಕಸದ ಮೇಲೆ. ಓಡುವಾಗ ಅದು ಹೀರುಕೊಳವೆಯ ಬಾಯಿಗೆ ಅಂಟುತ್ತದೆ, ನಿಂತಾಗ ಕಳಚಿ ಬೀಳುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಸುಲಭದ ಉಪಾಯವಿದೆ. ಐದು ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಬಿಸಿ ಸೈಲೆನ್ಸರಿನಿಂದ ದೂರ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಗಿಡ್ಡ ಪಾರದರ್ಶಕ ಹೋಸಿನಿಂದ ನೇರ ಮುಖ್ಯ ಫಿಲ್ಟರಿಗೆ ಕೊಡಿ. ರಿಟರ್ನ್ ಹೋಸನ್ನೂ ಕ್ಯಾನಿಗೇ ಬಿಡಿ. ಎಂಜಿನ್ ಈಗ ಲೋಡ್ ತಗೊಂಡರೆ ರೋಗ ಟ್ಯಾಂಕಿನಿಂದ ಫಿಲ್ಟರಿನವರೆಗಿನ ದಾರಿಯಲ್ಲಿದೆ: ಸ್ಟ್ರೈನರ್, ವಾಟರ್ ಸೆಪರೇಟರ್, ಸೀಳಿದ ಹೋಸ್, ಇಲ್ಲವೇ 12 ವೋಲ್ಟಿನ ಫೀಡ್ ಪಂಪ್. ಕ್ಯಾನಿನಲ್ಲೂ ಹಾಗೆಯೇ ಸೋತರೆ ಆಗ ಮುಖ್ಯ ಫಿಲ್ಟರ್, ಇಂಜೆಕ್ಷನ್ ಪಂಪು, ನಾಜಲ್, ಕಂಪ್ರೆಶನ್ ಎಂದು ಮುಂದೆ ಹೋಗಬಹುದು.

ಒಂದು ಸಿಲಿಂಡರ್ ಸತ್ತಿದೆಯೋ ಎಂದು ತಿಳಿಯಲು ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ಚಿಂದಿ ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ವ್ಯತ್ಯಾಸವೇ ಆಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಕೊಡುವ) ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು, ಅಲ್ಲಿನ ಒತ್ತಡ ಕೈ ಸೀಳುತ್ತದೆ. ಕುಬೋಟಾ ಡಿ1105 ಎಂಜಿನ್ನಿಗೆ ಅಂಕಿಗಳು ಹೀಗಿವೆ: ಕಂಪ್ರೆಶನ್ ಹೊಸದರಲ್ಲಿ 29ರಿಂದ 33 ಕೆಜಿ (ಚದರ ಸೆಂ.ಮೀ.ಗೆ), 23ಕ್ಕಿಂತ ಕೆಳಗಿಳಿದರೆ ಎಂಜಿನ್ ಬಿಚ್ಚುವ ಕಾಲ. ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾಜಲ್ 140ರಿಂದ 150 ಕೆಜಿ ಒತ್ತಡಕ್ಕೆ ತೆರೆಯಬೇಕು. ವಾಲ್ವ್ ಕ್ಲಿಯರೆನ್ಸ್ ತಣ್ಣಗಿದ್ದಾಗ 0.145ರಿಂದ 0.185 ಮಿ.ಮೀ. ಕಂಪ್ರೆಶನ್ ಕಡಿಮೆ ಬಂತೆಂದು ರಿಂಗ್ ಆರ್ಡರ್ ಮಾಡುವ ಮೊದಲು ಈ ಕ್ಲಿಯರೆನ್ಸ್ ಅಳೆಯಿರಿ. ವಾಲ್ವ್ ಸೀಟು ಸವೆದು ಸಂದಿ ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಗೇಜ್ ತೋರಿಸುವುದು ಮಾತ್ರ ಅದೇ ಕಡಿಮೆ ಅಂಕಿ.

ಬೆಳಗಿನ ಬಿಳಿ ಹೊಗೆಗೆ ಗ್ಲೋ ಪ್ಲಗ್ (ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಪ್ಲಗ್) ನೋಡಿ. ವೈರ್ ಕಳಚಿ ಅಳೆದರೆ ಸುಮಾರು 1 ಓಮ್ ಬರಬೇಕು, ಓಪನ್ ತೋರಿಸಿದರೆ ಸುಟ್ಟಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಶನ್ನಿಗೆ, ಟೈಮಿಂಗಿಗೆ ಹೋಗಿ. ರೇಡಿಯೇಟರ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಗೆ ಏರ್ ಫಿಲ್ಟರ್ ಮೊದಲು. ಕರಾವಳಿಯ ಮುರಕಲ್ಲಿನ ಧೂಳಿನಲ್ಲಿ ಕಂಪನಿ ಹೇಳಿದ ಗಂಟೆ ಲೆಕ್ಕ ನಡೆಯುವುದಿಲ್ಲ.

ಈಗ ಹೈಡ್ರಾಲಿಕ್. ಮೊದಲು ಪ್ರಾಣದ ಮಾತು. ಬೂಮ್, ಬ್ಲೇಡ್ ಎರಡನ್ನೂ ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿ. ಕೀ ಆನ್ ಇಟ್ಟು, ಸೇಫ್ಟಿ ಲಿವರ್ ಇಳಿಸಿ, ಎಲ್ಲ ಲಿವರುಗಳನ್ನು ನಾಲ್ಕೂ ದಿಕ್ಕಿಗೆ ಆಡಿಸಿ. ಪೈಲಟ್ ಲೈನ್ ಅಂದರೆ ಲಿವರಿನ ಆಜ್ಞೆಯನ್ನು ಮುಖ್ಯ ವಾಲ್ವಿಗೆ ಒಯ್ಯುವ ಕಡಿಮೆ ಒತ್ತಡದ ಎಣ್ಣೆಯ ದಾರಿ; ಅದರ ಅಕ್ಯುಮುಲೇಟರಿನಲ್ಲಿ (ಒತ್ತಡ ಕೂಡಿಡುವ ಡಬ್ಬಿಯಲ್ಲಿ) ಉಳಿದ ಒತ್ತಡವನ್ನು ಹೊರಬಿಡುವುದು ಹೀಗೆ. ಆಮೇಲೆ ಟ್ಯಾಂಕಿನ ಬ್ರೀದರ್ ಸಡಿಲಿಸಿ. ಸೂಜಿಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಎಣ್ಣೆ ಚರ್ಮದೊಳಗೆ ಹೊಕ್ಕರೆ ಹೊರಗೆ ಇರುವೆ ಕಚ್ಚಿದಷ್ಟೇ ಕಾಣುತ್ತದೆ. ನೋವಿಲ್ಲದಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು.

ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಗಾಳಿ ಎಳೆಯುತ್ತಿದೆ, ಜೊತೆಗೆ ಪಂಪು ಜಲ್ಲಿ ಅಲ್ಲಾಡಿಸಿದಂತೆ ಸದ್ದು ಮಾಡುತ್ತದೆ. ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಹೋಸಿನ ಕ್ಲಾಂಪಿನ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿ. ಸದ್ದು ಕಡಿಮೆಯಾದರೆ ಗಾಳಿ ಅಲ್ಲಿಂದಲೇ ಬರುತ್ತಿದೆ. ಬೆಳಿಗ್ಗೆ ನಿಧಾನ, ಬಿಸಿಯಾದ ಮೇಲೆ ಸರಿ ಅನ್ನುವ ಮೆಷಿನ್ನಿನಲ್ಲಿ ಸಕ್ಷನ್ ಸ್ಟ್ರೈನರ್ ಕಟ್ಟಿರುತ್ತದೆ ಇಲ್ಲವೇ ಎಣ್ಣೆ ತೀರಾ ಗಟ್ಟಿ ಇರುತ್ತದೆ. ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ ಅನ್ನುವಂಥದ್ದಾದರೆ ಒಳಗೆ ಸವೆತವಿದೆ, ತೆಳುವಾದ ಎಣ್ಣೆ ಸಂದಿಗಳಲ್ಲಿ ಜಾರಿಹೋಗುತ್ತಿದೆ.

ಬರೆದಿಟ್ಟ ಚೀಟಿ ಈಗ ತೆಗೆಯಿರಿ. ಬೂಮ್, ಆರ್ಮ್, ಬಕೆಟ್, ಸ್ವಿಂಗ್ ಎಲ್ಲವೂ ಸತ್ತು, ಕಡ್ಡಿಗಳ ಮೂಲಕ ನೇರ ಸ್ಪೂಲ್ (ವಾಲ್ವಿನೊಳಗೆ ಜಾರಿ ಎಣ್ಣೆಯ ದಾರಿ ಬದಲಿಸುವ ದಂಡ) ಎಳೆಯುವ ಟ್ರಾವೆಲ್ ಮಾತ್ರ ಚೆನ್ನಾಗಿದ್ದರೆ ಮುಖ್ಯ ಪಂಪ್ ನಿರಪರಾಧಿ. ಪೈಲಟ್ ಒತ್ತಡ ಇಲ್ಲ ಅಷ್ಟೇ. ಅದು ಸಾಮಾನ್ಯವಾಗಿ 30ರಿಂದ 40 ಬಾರ್ ಇರಬೇಕು. ಎಷ್ಟೋ ಸಲ ಇದು ಸೇಫ್ಟಿ ಲಿವರಿನ ಬುಡದ ಸ್ವಿಚ್ಚಿನ ಕೆಲಸ. ಪೈಲಟ್ ಎಣ್ಣೆಯನ್ನು ತೆರೆದು ಮುಚ್ಚುವ ಲಾಕ್ ಸೊಲೆನಾಯ್ಡಿನ (ವಿದ್ಯುತ್ ವಾಲ್ವಿನ) ತುದಿಗೆ ಸ್ಕ್ರೂಡ್ರೈವರ್ ಹಿಡಿದು ಲಿವರ್ ಇಳಿಸಿದಾಗ ಅಯಸ್ಕಾಂತದಂತೆ ಎಳೆಯಬೇಕು. ಎಳೆಯದಿದ್ದರೆ ಫ್ಯೂಸ್, ಸ್ವಿಚ್, ಅರ್ಥ್ ವೈರ್ ನೋಡಿ. ಮಿನಿ ಮೆಷಿನ್ನಿಗೆ ಮುಖ್ಯ ಪಂಪಿನ ಆರ್ಡರ್ ಹಾಕಿಸಿದ ಎಷ್ಟೋ ರೋಗಗಳು ಈ ಪುಟ್ಟ ಸ್ವಿಚ್ಚಿನಲ್ಲಿ ಕೂತಿರುತ್ತವೆ.

ಅನೇಕ ಮಿನಿಗಳಲ್ಲಿ ಎರಡು ಪಿಸ್ಟನ್ ಪಂಪ್, ಒಂದು ಗೇರ್ ಪಂಪ್ ಇರುತ್ತವೆ. ಒಂದು ಪಿಸ್ಟನ್ ಪಂಪ್ ಎಡ ಟ್ರ್ಯಾಕಿಗೆ, ಇನ್ನೊಂದು ಬಲ ಟ್ರ್ಯಾಕಿಗೆ, ಗೇರ್ ಪಂಪ್ ಸ್ವಿಂಗ್ ಮತ್ತು ಬ್ಲೇಡಿಗೆ. ಆರ್ಮ್, ಬಕೆಟ್‌ಗಳು ಯಾವ ಪಂಪಿನ ಪಾಲು ಎಂಬುದು ಮಾಡೆಲ್‌ಗೆ ಮಾಡೆಲ್ ಬೇರೆ, ಸರ್ಕ್ಯೂಟ್ ಚಿತ್ರ ನೋಡಿಯೇ ಗುಂಪು ಮಾಡಿ. ಒಂದೇ ಗುಂಪಿನ ಎಲ್ಲ ಕೆಲಸಗಳೂ ಸೋತರೆ ಆ ಪಂಪ್ ಅಥವಾ ಅದರ ರಿಲೀಫ್. ಟೆಸ್ಟ್ ಪೋರ್ಟಿಗೆ 400 ಬಾರಿನ ಗೇಜ್ ಹಾಕಿ. ಎರಡರಿಂದ ನಾಲ್ಕು ಟನ್ನಿನವಕ್ಕೆ ಮುಖ್ಯ ರಿಲೀಫ್ ಹೆಚ್ಚಾಗಿ 200ರಿಂದ 245 ಬಾರಿನ ನಡುವೆ ಇರುತ್ತದೆ. ಒತ್ತಡ ಕಡಿಮೆ ಬಂದರೆ ಎರಡು ಪಂಪುಗಳ ರಿಲೀಫ್ ವಾಲ್ವುಗಳು ಒಂದೇ ಬಗೆಯವೋ ನೋಡಿ ಅದಲು ಬದಲು ಮಾಡಿ. ರೋಗ ವಾಲ್ವಿನ ಜೊತೆ ಹೋದರೆ ಅದನ್ನು ತೊಳೆಯುವುದು, ಬದಲಿಸುವುದು ಅಷ್ಟೇ. ರೋಗ ಅಲ್ಲೇ ಕೂತರೆ ಮಾತ್ರ ಪಂಪಿನ ಕಡೆ ತಿರುಗಿ. ಗೇಜ್ ಇಲ್ಲದೆ ರಿಲೀಫ್ ಸ್ಕ್ರೂ ತಿರುಗಿಸುವುದು ಮಾತ್ರ ಬೇಡ.

ಒಂದೇ ಕಡೆ ಎಳೆಯುವ ಮೆಷಿನ್ನಿಗೆ ಮೊದಲು ಎರಡೂ ಟ್ರ್ಯಾಕಿನ ಬಿಗಿ ಸಮ ಇದೆಯೋ ನೋಡಿ. ನಂತರ ಸ್ವಿವೆಲ್ ಜಾಯಿಂಟಿನ (ತಿರುಗುವ ಮೇಲ್ಭಾಗದಿಂದ ಟ್ರ್ಯಾಕಿನ ಕಡೆಗೆ ಎಣ್ಣೆ ದಾಟಿಸುವ ಕೀಲಿನ) ಕೆಳಗೆ ಎಡ, ಬಲ ಮೋಟರುಗಳ ಹೋಸುಗಳನ್ನು ಅದಲು ಬದಲು ಮಾಡಿ. ಎಡ ಸೋಲುತ್ತಿದ್ದುದು ಈಗ ಬಲ ಸೋತರೆ ತೊಂದರೆ ಮೇಲಿದೆ: ಸ್ವಿವೆಲ್ ಸೀಲ್, ಸ್ಪೂಲ್ ಅಥವಾ ಪಂಪ್. ಎಡವೇ ಸೋತರೆ ಟ್ರ್ಯಾಕ್ ಮೋಟರ್ ಇಲ್ಲವೇ ಫೈನಲ್ ಡ್ರೈವ್ (ಟ್ರ್ಯಾಕ್ ತಿರುಗಿಸುವ ಗೇರ್ ಪೆಟ್ಟಿಗೆ). ಫೈನಲ್ ಡ್ರೈವಿನ ಪ್ಲಗ್ ಬಿಚ್ಚಿದಾಗ ಎಣ್ಣೆ ಒತ್ತಡದಿಂದ ಚಿಮ್ಮಿದರೆ, ತೆಳ್ಳಗಿದ್ದರೆ, ಮೋಟರ್ ಶಾಫ್ಟಿನ ಸೀಲ್ ಹೋಗಿ ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿದೆ. ಮುಖ ತಪ್ಪಿಸಿ ನಿಂತೇ ಬಿಚ್ಚಿ.

ಬೂಮ್ ತಾನಾಗಿ ಇಳಿಯುತ್ತದೆ ಅಂದರೆ ಎಲ್ಲರೂ ಸಿಲಿಂಡರಿನ ಸೀಲ್ ಕಿಟ್ ತರಲು ಓಡುತ್ತಾರೆ. ಸ್ವಲ್ಪ ನಿಲ್ಲಿ. ಬೂಮ್ ಇಳಿಯಬೇಕಾದರೆ ರಾಡ್ ಸಿಲಿಂಡರಿನ ಒಳಗೆ ಬರಬೇಕು, ರಾಡಿನಷ್ಟು ಗಾತ್ರದ ಎಣ್ಣೆ ಹೊರಗೆ ಹೋಗಲೇಬೇಕು. ಎರಡೂ ಹೋಸುಗಳ ದಾರಿ ಭದ್ರವಾಗಿ ಮುಚ್ಚಿದ್ದರೆ ಪಿಸ್ಟನ್ ಸೀಲ್ ಹರಿದರೂ ಬೂಮ್ ಹೆಚ್ಚು ಇಳಿಯಲಾರದು. ಅಂದರೆ ಎಣ್ಣೆ ಸ್ಪೂಲಿನಲ್ಲೋ, ಪೋರ್ಟ್ ರಿಲೀಫಿನಲ್ಲೋ (ಆ ಸಿಲಿಂಡರಿನ ದಾರಿಗೇ ಇರುವ ಪ್ರತ್ಯೇಕ ರಿಲೀಫ್ ವಾಲ್ವಿನಲ್ಲೋ) ಜಾರುತ್ತಿದೆ. ಸೀಲಿನದೇ ಅನುಮಾನವಿದ್ದರೆ ಸಿಲಿಂಡರ್ ಪೂರ್ತಿ ಚಾಚಿ, ಬೂಮಿಗೆ ಭದ್ರ ಆಧಾರ ಕೊಟ್ಟು ಒತ್ತಡ ಇಳಿಸಿ, ರಾಡ್ ಕಡೆಯ ಹೋಸ್ ಕಳಚಿ ಅದಕ್ಕೆ ಸ್ಟೀಲ್ ಪ್ಲಗ್ ಹಾಕಿ. ಸಿಲಿಂಡರಿನ ತೆರೆದ ಬಾಯಿಗೆ ಎಣ್ಣೆ ಹಿಡಿಯಲು ಡಬ್ಬ ಇಟ್ಟು, ಎಂಜಿನ್ ಐಡಲ್‌ನಲ್ಲಿ ಬೂಮ್ ಎತ್ತುವ ಕಡೆಗೇ ಲಿವರ್ ಹಿಡಿಯಿರಿ, ತಪ್ಪಿಯೂ ಇನ್ನೊಂದು ಕಡೆಗಲ್ಲ. ಮೊದಲ ಒಂದೆರಡು ಹನಿ ಲೆಕ್ಕಕ್ಕಿಲ್ಲ. ಧಾರೆ ನಿಲ್ಲದೆ ಬಂದರೆ ಸೀಲ್ ಹೋಗಿದೆ.

ಇಷ್ಟೆಲ್ಲ ಆದ ಮೇಲೂ ಬೆರಳು ಪಂಪಿನತ್ತಲೇ ತೋರಿಸಿದರೆ ರಿಟರ್ನ್ ಫಿಲ್ಟರ್ ಕೊಯ್ದು ನೋಡಿ. ಕಾಗದದ ಮಡಿಕೆಗಳನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹಿಂಡಿ, ಬಿಸಿಲಿಗೆ ಹಿಡಿಯಿರಿ. ಹಳದಿ ಮಿನುಗು ಕಂಡರೆ ಅದು ಪಿಸ್ಟನ್ ಪಂಪ್ ಅಥವಾ ಮೋಟರಿನ ಹಿತ್ತಾಳೆ, ಕಂಚಿನ ಭಾಗಗಳ ಸವೆತ. ಮಂಕು ಬಿಳಿ ಪುಡಿ, ಅಯಸ್ಕಾಂತಕ್ಕೆ ಅಂಟದ್ದು, ಗೇರ್ ಪಂಪಿನ ಅಲ್ಯೂಮಿನಿಯಂ ಮೈಯದು. ಅಯಸ್ಕಾಂತಕ್ಕೆ ಹಾರಿ ಅಂಟುವ ಚೂರುಗಳು ಬೇರಿಂಗಿನದಿರಬಹುದು. ಕಪ್ಪು ರಬ್ಬರ್ ಕಂಡರೆ ಯಾವುದೋ ಸಿಲಿಂಡರಿನ ಸೀಲ್ ಚಿಂದಿಯಾಗಿದೆ ಇಲ್ಲವೇ ಹೋಸಿನ ಒಳಪದರ ಕಿತ್ತುಬರುತ್ತಿದೆ.

ಹಳದಿ ಕಂಡು ಪಂಪ್ ಬದಲಿಸುವುದಾದರೆ ಹಳೆಯ ಎಣ್ಣೆಗೆ ಹೊಸ ಪಂಪ್ ಜೋಡಿಸಬೇಡಿ. ಟ್ಯಾಂಕ್ ಬರಿದು ಮಾಡಿ ಒಳಗೆ ಕೈ ಹಾಕಿ ಒರೆಸಿ, ನೂಲು ಬಿಡುವ ಬಟ್ಟೆ ಬೇಡ. ಸ್ಟ್ರೈನರ್, ಆಯಿಲ್ ಕೂಲರ್, ಪಂಪಿನಿಂದ ವಾಲ್ವಿನವರೆಗಿನ ಹೋಸು ತೊಳೆಯಿರಿ. ರಿಟರ್ನ್, ಪೈಲಟ್ ಎರಡೂ ಫಿಲ್ಟರ್ ಹೊಸದು ಹಾಕಿ. ಹೊಸ ಪಂಪಿನ ಕೇಸಿಗೆ ಡ್ರೈನ್ ಪೋರ್ಟಿನಿಂದ ಶುದ್ಧ ಎಣ್ಣೆ ತುಂಬಿ ತುಳುಕುವವರೆಗೆ ಸುರಿಯಿರಿ, ಒಣ ಕೇಸಿನಲ್ಲಿ ತಿರುಗಿದರೆ ಹೊಸ ಪಂಪ್ ಮೊದಲ ನಿಮಿಷದಲ್ಲೇ ಗೀರಿಕೊಳ್ಳುತ್ತದೆ. ಐಡಲ್‌ನಲ್ಲಿ ಐದು ನಿಮಿಷ ಯಾವ ಲಿವರೂ ಮುಟ್ಟದೆ ಓಡಿಸಿ, ಆಮೇಲೆ ಒಂದೊಂದೇ ಸಿಲಿಂಡರನ್ನು ಕೊನೆ ಮುಟ್ಟಿಸದೆ ನಿಧಾನಕ್ಕೆ ಆಡಿಸಿ ಗಾಳಿ ತೆಗೆಯಿರಿ. ಐವತ್ತು ಗಂಟೆಗೆ ಆ ರಿಟರ್ನ್ ಫಿಲ್ಟರನ್ನೂ ಕೊಯ್ದು ಬಿಸಿಲಿಗೆ ಹಿಡಿಯಿರಿ.