ಸ್ಪೀಡ್ ಚಲನ್: ಕೋರ್ಟಿಗೆ ಹೋಗುವ ಮುಂಚೆ ಫೋಟೊ ನೋಡಿ

ದಾವಣಗೆರೆ, 12 ನವೆಂಬರ್ 2025, ಬುಧವಾರ

ಸ್ಪೀಡ್ ಚಲನ್ ಬಂದರೆ ಜನ ಮೊದಲು ಕೇಳುವುದೇ "ಅರ್ಧ ರೇಟಿಗೆ ಯಾವಾಗ ಬಿಡ್ತಾರೆ?" ಅಂತ. ನಿಜವಾಗಿ ಜೋರಾಗಿ ಓಡಿಸಿದ್ದರೆ ಕಟ್ಟಿ ಮುಗಿಸುವುದೇ ವಾಸಿ. ಆದರೆ ಕಟ್ಟಿದ ಮೇಲೆ ತಕರಾರಿಗೆ ಜಾಗವಿಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಕಾರಿಗೆ ದಂಡ 1,000ದಿಂದ 2,000 ರೂಪಾಯಿ, ಲಾರಿ-ಬಸ್ಸಿಗೆ 2,000ದಿಂದ 4,000. ಎರಡನೇ ಸಲವಾದರೆ ಡಿಎಲ್ ಮೇಲೇ ಬರುತ್ತದೆ. ಸ್ಟೇರಿಂಗ್ ಹಿಡಿದೇ ಹೊಟ್ಟೆ ಹೊರೆಯುವವರು ಮಾಡದ ತಪ್ಪನ್ನು ಸಾವಿರ ರೂಪಾಯಿ ತಾನೇ ಎಂದು ಒಪ್ಪಿಕೊಳ್ಳಬಾರದು.

ಸರ್ಕಾರದ ಪರಿವಾಹನ್ ವೆಬ್‌ಸೈಟಿನ ಇ-ಚಲನ್ ಪುಟದಲ್ಲಿ ಗಾಡಿ ನಂಬರ್, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರ ಹಾಕಿ ಚಲನ್‌ನ ಫೋಟೊ ತೆರೆಯಿರಿ, ದೊಡ್ಡದು ಮಾಡಿ ನೋಡಿ. ಕೆಎ-17ರ ಮುಂದಿನ 'ಬಿ'ಯನ್ನು ಕ್ಯಾಮೆರಾ 8 ಎಂದು, 'ಡಿ'ಯನ್ನು ಸೊನ್ನೆ ಎಂದು ಓದುವುದುಂಟು. ಬಣ್ಣ, ಮಾಡೆಲ್ ಆರ್‌ಸಿಗೆ ಹೊಂದುತ್ತದೆಯೇ? ಒಂದೇ ಚೌಕಟ್ಟಿನಲ್ಲಿ ಪಕ್ಕದ ಲೇನಿನ ಗಾಡಿಯೂ ಇದ್ದರೆ, ರಾಡಾರ್ ಅಳೆದದ್ದು ಯಾರ ವೇಗ ಎಂಬ ಪ್ರಶ್ನೆಗೆ ಜೀವವಿದೆ. "ಕ್ಯಾಮೆರಾ ಓರೆಯಾಗಿತ್ತು" ಎಂಬ ವಾದ ಮಾತ್ರ ಬೇಡ. ರಸ್ತೆ ಬದಿ ನಿಂತ ರಾಡಾರ್ ಓರೆಯಾದಷ್ಟೂ ವೇಗ ಕಮ್ಮಿ ತೋರಿಸುತ್ತದೆ, ಅದು ನಿಮಗೇ ಲಾಭ!

ಆಮೇಲೆ ಕಾಗದ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮದಂತೆ ವೇಗ ಅಳೆಯುವ ಯಂತ್ರಕ್ಕೆ ವರ್ಷ ವರ್ಷ ನವೀಕರಿಸಿದ ಅನುಮೋದನೆ ಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಯಲ್ಲಿ ಎಚ್ಚರಿಕೆ ಫಲಕ ಇರಬೇಕು, ನೋಟಿಸ್ 15 ದಿನದೊಳಗೆ ಹೋಗಬೇಕು. ಇನ್ನೂ ಹಳೆಯದು ಮೋಟಾರು ವಾಹನ ಕಾಯ್ದೆಯ 209ನೇ ಕಲಂ: ಸ್ಥಳದಲ್ಲೇ ಎಚ್ಚರಿಸಿರಬೇಕು, ಇಲ್ಲವೇ 14 ದಿನದೊಳಗೆ ನೋಟಿಸ್, ಅದೂ ಇಲ್ಲವೆಂದರೆ 28 ದಿನದೊಳಗೆ ಸಮನ್ಸ್. ಆದರೆ ಆರ್‌ಸಿಯಲ್ಲಿ ಹಳೇ ಮನೆ ವಿಳಾಸ ಹಾಗೇ ಬಿಟ್ಟಿದ್ದು "ನೋಟಿಸೇ ಬರಲಿಲ್ಲ" ಎಂದರೆ ಈ ವಾದ ನಿಲ್ಲುವುದು ಕಷ್ಟ. ಬರೀ ದಂಡದ ಪ್ರಕರಣವಾದ್ದರಿಂದ ಆರು ತಿಂಗಳ ಕಾಲಮಿತಿಯೂ ಇದೆ. ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಂಡ, ಅಂದರೆ ಕೇಸನ್ನು ವಿಚಾರಣೆಗೆ ಅಂಗೀಕರಿಸಿದ ತಾರೀಖು ಅದರೊಳಗಿದೆಯೇ ನೋಡಿಕೊಳ್ಳಿ.

ಯಾವ ಕೋರ್ಟು? ಗಾಡಿ ಎಲ್ಲಿ ನೋಂದಣಿಯಾಗಿದೆ ಎನ್ನುವುದಲ್ಲ, ತಪ್ಪು ಎಲ್ಲಿ ನಡೆಯಿತು ಎನ್ನುವುದು ಮುಖ್ಯ. ಎನ್‌ಎಚ್-48ರಲ್ಲಿ ಆನಗೋಡಿನ ಹತ್ತಿರ ಬಿದ್ದರೆ ದಾವಣಗೆರೆ, ಭರಮಸಾಗರದಲ್ಲಾದರೆ ಚಿತ್ರದುರ್ಗ, ಐಮಂಗಲವಾದರೆ ಹಿರಿಯೂರು. ಬೆಂಗಳೂರಿನ ಕ್ಯಾಮೆರಾ ಹಿಡಿದಿದ್ದರೆ ಬೆಂಗಳೂರಿಗೇ ಹೋಗಬೇಕು. ಬಸ್ ಚಾರ್ಜು, ಒಂದು ದಿನದ ಕೂಲಿ ಲೆಕ್ಕ ಹಾಕಿ. ಕೇಸ್ ವರ್ಚುವಲ್ ಕೋರ್ಟಿನಲ್ಲಿ (ಆನ್‌ಲೈನ್ ಕೋರ್ಟು) ಇದ್ದರೆ ದಂಡ ಕಟ್ಟುವ ಬದಲು ತಕರಾರಿನ ಆಯ್ಕೆ ಒತ್ತಿ, ಒಟಿಪಿ ಕೊಟ್ಟರೆ ಅದು ಮಾಮೂಲಿ ಕೋರ್ಟಿಗೆ ವರ್ಗವಾಗುತ್ತದೆ. ಲೋಕ ಅದಾಲತ್ ರಾಜಿಗೆ, ಹೋರಾಟಕ್ಕಲ್ಲ.

ವಾಯಿದೆ ದಿನ ಹೆಸರು ಕೂಗಿದಾಗ ಹೊರಗೆ ಟೀ ಕುಡಿಯುತ್ತಿರಬೇಡಿ. ಆಪಾದನೆ ಓದಿ ಹೇಳಿ "ಒಪ್ಪುತ್ತೀರಾ?" ಎಂದು ಕೇಳುತ್ತಾರೆ. ಹೆಚ್ಚಿನವರು ಎಡವುವುದೇ ಇಲ್ಲಿ: "ಸ್ವಲ್ಪ ಜಾಸ್ತಿ ಇತ್ತು ಸ್ವಾಮಿ, ಆದರೆ..." ಎಂದರೆ ಅದೇ ತಪ್ಪೊಪ್ಪಿಗೆ. "ಒಪ್ಪುವುದಿಲ್ಲ" ಎಂದಷ್ಟೇ ಹೇಳಿ. ಆಪಾದನೆಗೆ ಆಧಾರವೇ ಇಲ್ಲವೆಂದು ಕಂಡರೆ ಮ್ಯಾಜಿಸ್ಟ್ರೇಟರು ಆ ಹಂತದಲ್ಲೇ ಬಿಡಬಹುದು, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹೊಸ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನ 274ನೇ ಕಲಂನಲ್ಲಿ ಅದಕ್ಕೆ ಅವಕಾಶವಿದೆ. ಹಾಗಾಗಿ ಫೋಟೊ ಪ್ರಿಂಟು, ಆರ್‌ಸಿ, ಡಿಎಲ್ ನಕಲು ಕೈಯಲ್ಲೇ ಇರಲಿ.

ಬಿಡದಿದ್ದರೆ ಸಾಕ್ಷಿ. ಯಂತ್ರದ ಆಧಾರವಿಲ್ಲದೆ ಒಬ್ಬ ಸಿಬ್ಬಂದಿಯ ಕಣ್ಣಂದಾಜಿನ ಮೇಲೆ ಶಿಕ್ಷೆ ಕೊಡುವಂತಿಲ್ಲ, 183(3) ಹಾಗೆನ್ನುತ್ತದೆ. ಪಾಟೀಸವಾಲಿನಲ್ಲಿ (ಎದುರು ಪಕ್ಷದ ಸಾಕ್ಷಿಯನ್ನು ನೀವು ಪ್ರಶ್ನಿಸುವಾಗ) ಯಂತ್ರದ ಸೀರಿಯಲ್ ನಂಬರ್, ಪ್ರಮಾಣಪತ್ರದ ತಾರೀಖು, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಕೇಳಿ. ರಸ್ತೆ ಗುಂಡಿಯ ಬಗ್ಗೆ ಭಾಷಣ ಬೇಡ.

ಗೆದ್ದರೆ ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಪೋರ್ಟಲ್‌ನಲ್ಲಿ ಚಲನ್ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ, ಆ ನಕಲನ್ನು ಸಂಚಾರ ಠಾಣೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.